ತಂಗಿಯ ಕನ್ನಡಕಕ್ಕೆ ಅಣ್ಣನ ಪವರು

ಕಣ್ಣಿನ ಕ್ಲಿನಿಕ್ಕಿನಲ್ಲಿ ಎಲ್ಲರೂ ಅವಳನ್ನು ಸಾಣೆಯಕ್ಕ ಎಂದೇ ಕರೆಯುತ್ತಿದ್ದರು. ಸಾಣೆ ಯಂತ್ರ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಇಪ್ಪತ್ತೆರಡರ ವಯಸ್ಸಿಗೆ ಕ್ಲಿನಿಕ್ಕಿನ ಹಿಂಬದಿಯ ವರ್ಕ್‌ಶಾಪಿಗೆ ಸೇರಿ, ಮೇಸ್ತ್ರಿಯ ಕೈಕೆಳಗೆ ಕನ್ನಡಕದ ಗಾಜು ಉಜ್ಜುವುದನ್ನು ಕಲಿತವಳು. ಹದಿನೈದು ವರ್ಷ ಉಜ್ಜಿದ ಮೇಲೆ ಕುತ್ತಿಗೆ ನೋವು ಗಂಟುಬಿತ್ತು. ಡಾಕ್ಟರಮ್ಮ ಅವಳನ್ನು ಮನೆಗೆ ಕಳಿಸದೆ ಮುಂದಿನ ಕೌಂಟರಿನಲ್ಲಿ ಹೆಸರು ಬರೆದುಕೊಳ್ಳಲು ಕೂರಿಸಿದರು.

ಅಲ್ಲಿ ಮೂರು ದಪ್ಪ ರಿಜಿಸ್ಟರುಗಳಿದ್ದವು. ಯಾರಾದರೂ ಬಂದು ‘ಹೋದ ವರ್ಷ ತೋರಿಸಿದ್ದೆ’ ಎಂದರೆ ಸಾಕು, ಮೂರನ್ನೂ ತಿರುವಿಹಾಕಬೇಕು. ಎರಡು ವರ್ಷ ತಿರುವಿ ಬೇಸತ್ತ ಸಾಣೆಯಕ್ಕ ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ತನ್ನ ಅರ್ಧ ವಯಸ್ಸಿನವರ ನಡುವೆ ಮೊದಲ ಬೆಂಚಿನಲ್ಲಿ ಕೂತು, ಅರ್ಥವಾಗದ್ದನ್ನು ಮೂರು ಸಲ ಕೇಳಿ, ಮೇಷ್ಟ್ರ ತಲೆ ತಿಂದು, ಮತ್ತೊಂದು ವರ್ಷ ಕಳೆಯುವುದರೊಳಗೆ ಕ್ಲಿನಿಕ್ಕಿಗೆ ಬೇಕಾದ ಪ್ರೋಗ್ರಾಮನ್ನು ತಾನೇ ಬರೆದಳು. ಬ್ರೌಸರಿನಲ್ಲಿ ತೆರೆದು ಲಾಗಿನ್ ಆದರೆ ಪ್ರತಿಯೊಬ್ಬರ ಫೈಲು ಸಿಗುತ್ತದೆ. ಡಾಕ್ಟರಮ್ಮ ಚೀಟಿಯಲ್ಲಿ ಬರೆದ ಪವರನ್ನು ಕೌಂಟರಿನಲ್ಲಿ ಟೈಪು ಮಾಡಿದರೆ, ಹಿಂದಿನ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯ ಮುಂದೆ ಸಂಜೆ ಎಲ್ಲರದೂ ಒಟ್ಟಿಗೆ ಪ್ರಿಂಟ್ ಆಗಿ ಬೀಳುತ್ತದೆ. ಆರು ವರ್ಷ ಅದು ಚಕಾರವೆತ್ತದೆ ನಡೆದಿತ್ತು. ಗೋಡೆಗೆ ಬಣ್ಣ ಬಳಿಯುವ ಅವಳ ಗಂಡ ನೆಂಟರ ಮುಂದೆ, “ನಾನು ಬಳಿದದ್ದು ನಾಲ್ಕು ವರ್ಷಕ್ಕೆ ಕಿತ್ತು ಬರುತ್ತೆ. ಇವಳದ್ದು ನೋಡಿ, ಹಾಗೇ ನಿಂತಿದೆ” ಎಂದು ಬೀಗುತ್ತಿದ್ದ. ಅವಳು ಬೇಡವೆಂದು ಕೈ ಆಡಿಸಿದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಏಳನೆಯ ವರ್ಷ ಕೌಂಟರಿಗೆ ಟೀಚರು ಬಂದರು. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕೆಲಸ ಕೇಳಿಕೊಂಡು ಬಂದಿದ್ದರು. ಸಾಣೆಯಕ್ಕ ಒಳಗಿನ ಸಣ್ಣ ಕೋಣೆಗೆ ಹೋಗಿ ಕಂಪ್ಯೂಟರುಗಳ ಉಸ್ತುವಾರಿ ಹಿಡಿದಳು. ಟೀಚರು ಮಕ್ಕಳನ್ನು ಮಾತಿಗೆಳೆದು ಅಳು ನಿಲ್ಲಿಸುತ್ತಿದ್ದರು, ದೊಡ್ಡವರನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಕೌಂಟರಿಗೆ ಕಳೆ ಬಂದಿತ್ತು.

ನಾಲ್ಕು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಒಬ್ಬ ತಾಯಿ ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು ಬಂದಳು.

“ಹೊಸ ಕನ್ನಡಕ ಹಾಕ್ಕೊಂಡಾಗಿನಿಂದ ತಲೆನೋವು ಅಂತಾಳೆ ಡಾಕ್ಟ್ರೇ. ಹಾಕ್ಕೋ ಅಂತ ನಾನು ಬೈದೆ. ನಿನ್ನೆ ಮೆಟ್ಟಿಲಲ್ಲಿ ಎಡವಿದಳು.”

ಡಾಕ್ಟರಮ್ಮ ಕನ್ನಡಕವನ್ನು ಯಂತ್ರಕ್ಕಿಟ್ಟು ನೋಡಿದರು. ಹುಡುಗಿಯದಲ್ಲ ಆ ಪವರು. ಅದೇ ದಿನ ಜೊತೆಗೆ ಬಂದು ತೋರಿಸಿಕೊಂಡಿದ್ದ ಅವಳ ಅಣ್ಣನದು. ಹಿಂದಿನ ವಾರ ಅತ್ತೆಯ ಪವರೂ ಹೀಗೇ ಸೊಸೆಯ ಕನ್ನಡಕಕ್ಕೆ ಹೋಗಿತ್ತು. ಅದಕ್ಕೂ ಮೊದಲು ಇನ್ನೊಂದು. ಮೂರೂ ಟೀಚರು ಕೂತ ಹೊತ್ತಿನವು.

ಡಾಕ್ಟರಮ್ಮ ಹೊರಗೆ ಬಂದು ಕೌಂಟರಿನ ಮುಂದೆಯೇ ನಿಂತು ಕೇಳಿದರು. “ಟೀಚರೇ, ಏನಿದು? ಕಣ್ಣಿನ ವಿಷಯ, ಹುಡುಗಾಟ ಅಲ್ಲ.”

“ಚೀಟಿ ನೋಡಿಕೊಂಡೇ ಹೊಡೆದಿದೀನಿ ಮೇಡಂ. ಹೆಸರು ಓದಿ, ನಂಬರ್ ಓದಿ, ಆಮೇಲೆ ಹೊಡೆದಿದೀನಿ.”

“ಪ್ರೋಗ್ರಾಮಲ್ಲಿ ಏನಾದ್ರೂ ಎಡವಟ್ಟಿದೆಯಾ?” ಡಾಕ್ಟರಮ್ಮ ಸಾಣೆಯಕ್ಕನ ಕಡೆ ತಿರುಗಿದರು.

ಸಾಣೆಯಕ್ಕ ತನ್ನ ಕೋಣೆಗೆ ಹೋಗಿ ಪರೀಕ್ಷಿಸಿದಳು. ಒಂದು ಫೈಲು ತೆರೆದಳು, ಪವರು ಹೊಡೆದಳು, ಉಳಿಸಿದಳು, ಮುಚ್ಚಿದಳು. ಇನ್ನೊಂದು ತೆರೆದಳು. ಹೀಗೆ ಇಪ್ಪತ್ತು ಸಲ. ಇಪ್ಪತ್ತೂ ಸರಿ. ಹೊರಗೆ ಬಂದು, “ಪ್ರೋಗ್ರಾಮ್ ಸರಿಯಾಗೇ ಇದೆ ಮೇಡಂ” ಎಂದುಬಿಟ್ಟಳು. ಹೇಳುವಾಗ ಟೀಚರ ಮುಖ ನೋಡಲಿಲ್ಲ.

ಮರುದಿನದಿಂದ ಟೀಚರನ್ನು ಬಾಗಿಲ ಬಳಿ ಟೋಕನ್ ಕೊಡುವ ಮೇಜಿಗೆ ಕೂರಿಸಿದರು. ಕೌಂಟರಿಗೆ ಸಾಣೆಯಕ್ಕನೇ ಮರಳಿದಳು. ಮೂರು ವಾರ ಒಂದೇ ಒಂದು ತಪ್ಪಾಗಲಿಲ್ಲ. ‘ವಯಸ್ಸಾಯ್ತಲ್ಲ, ಪಾಪ’ ಎಂದು ವರ್ಕ್‌ಶಾಪಿನವರು ಮಾತಾಡಿಕೊಂಡರು. ಟೀಚರು ಒಂದು, ಎರಡು, ಮೂರು ಎಂದು ಟೋಕನ್ ಹರಿದು ಕೊಡುತ್ತಾ ಕೂತರು. ಮಕ್ಕಳನ್ನು ಮಾತಾಡಿಸುವುದು ಮಾತ್ರ ಕಡಿಮೆಯಾಯಿತು.

ಒಂದು ಮಧ್ಯಾಹ್ನ ಸಾಣೆಯಕ್ಕ ಊಟದ ಡಬ್ಬಿ ತೆರೆದು ಕೂತಿದ್ದಾಗ ಟೀಚರು ಬಂದು ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು.

“ಕೌಂಟರಲ್ಲಿ ಇದ್ದಷ್ಟು ದಿನ ಏನೇನು ಮಾಡಿದೆ ಅಂತ ಬರೆದಿಟ್ಟಿದೀನಿ. ಶಾಲೆಯ ಚಾಳಿ, ಬಿಡಲಿಲ್ಲ. ಪುರುಸೊತ್ತಾದಾಗ ಒಂದ್ಸಲ ನೋಡಮ್ಮ. ತಪ್ಪು ನನ್ನದೇ ಆದ್ರೆ ಎಲ್ಲಿ ತಪ್ಪಿದೆ ಅಂತಾದ್ರೂ ಹೇಳು. ಗೊತ್ತಿಲ್ಲದೆ ಇರೋದು ಹಿಂಸೆ.”

ಅಷ್ಟು ಹೇಳಿ ಹೊರಟುಹೋದರು. ಸಾಣೆಯಕ್ಕ ಡಬ್ಬಿ ಮುಚ್ಚಿ ನೋಟ್‌ಬುಕ್ ತೆರೆದಳು. ಮುತ್ತು ಪೋಣಿಸಿದಂಥ ಅಕ್ಷರ. ಆ ತಾಯಿ ಮಕ್ಕಳು ಕಣ್ಣು ತೋರಿಸಲು ಬಂದ ದಿನದ ಪುಟದಲ್ಲಿ ಹೀಗಿತ್ತು: ‘ಹತ್ತು ನಲವತ್ತು. ಅಣ್ಣನ ಫೈಲು ತೆರೆದೆ. ಪಕ್ಕದಲ್ಲೇ ತಂಗಿಯದನ್ನೂ ತೆರೆದೆ. ತಂಗಿಯ ಚೀಟಿ ಮೊದಲು ಬಂತು, ಹೊಡೆದೆ. ಆಮೇಲೆ ಅಣ್ಣನ ಚೀಟಿ, ಅವನ ಪುಟಕ್ಕೆ ಹೋಗಿ ಹೊಡೆದೆ.’

ಸಾಣೆಯಕ್ಕ ಆ ಸಾಲನ್ನು ಎರಡು ಸಲ ಓದಿದಳು. ಅತ್ತೆ ಸೊಸೆಯ ಪುಟ ಹುಡುಕಿದಳು. ಅಲ್ಲೂ ‘ಪಕ್ಕದಲ್ಲೇ ತೆರೆದೆ’ ಎಂದಿತ್ತು. ಎದ್ದು ಬಾಗಿಲ ಬಳಿಗೆ ಹೋದಳು.

“ಟೀಚರೇ, ಎರಡು ಫೈಲನ್ನ ಒಟ್ಟಿಗೆ ತೆರೆದಿಡ್ತಿದ್ರಾ?”

“ಎರಡೇನು, ಒಂದೊಂದ್ಸಲ ಐದಿಡ್ತಿದ್ದೆ. ಮನೆಮಂದಿಯೆಲ್ಲ ಒಟ್ಟಿಗೆ ಬಂದ್ರೆ ಇನ್ನೇನು ಮಾಡಲಿ? ನಲವತ್ತು ನೋಟ್‌ಬುಕ್ ಮೇಜಿನ ಮೇಲೆ ಹರಡಿಕೊಂಡೇ ತಿದ್ದಿದೋಳು ನಾನು. ಯಾಕೆ, ಹಾಗೆ ಮಾಡಬಾರದಿತ್ತಾ?”

“ನನ್ನ ಮುಂದೆ ಒಂದ್ಸಲ ಮಾಡಿ ತೋರಿಸಿ.”

ಇಬ್ಬರೂ ಒಳಗಿನ ಕೋಣೆಗೆ ಹೋದರು. ಸಾಣೆಯಕ್ಕ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಸುಳ್ಳು ಫೈಲುಗಳನ್ನು ತೆರೆದುಕೊಟ್ಟಳು. ಪುಟದ ಅಡಿಯಲ್ಲಿ, ಸರ್ವರು ಆ ಗಳಿಗೆಯಲ್ಲಿ ಯಾರ ನಂಬರನ್ನು ನೆನಪಿನಲ್ಲಿ ಇಟ್ಟುಕೊಂಡಿದೆಯೆಂದು ತೋರಿಸುವ ಒಂದು ಸಾಲನ್ನೂ ಸೇರಿಸಿದಳು. ಟೀಚರು ಕನ್ನಡಕ ಸರಿಮಾಡಿಕೊಂಡು ಒಂದು ಟ್ಯಾಬಿನಲ್ಲಿ ಏಳನೇ ನಂಬರು ತೆರೆದರು, ಇನ್ನೊಂದರಲ್ಲಿ ಎಂಟು. ಎಂಟಕ್ಕೆ ಪವರು ಹೊಡೆದು ಉಳಿಸಿದರು. ಏಳರ ಟ್ಯಾಬಿಗೆ ಮರಳಿದರು. ಪುಟದ ನೆತ್ತಿಯ ಮೇಲೆ ಏಳನೆಯವನ ಹೆಸರೇ ಇತ್ತು. ಹೊಡೆದು ಉಳಿಸಿದರು. ‘ಉಳಿಸಲಾಗಿದೆ’ ಎಂದು ಬಂತು. ಅದರ ಕೆಳಗಿನ ಸಾಲಿನಲ್ಲಿ ಮಾತ್ರ ಎಂಟು ಎಂದಿತ್ತು.

ಸಾಣೆಯಕ್ಕ ಆ ಎಂಟರ ಮೇಲೆ ಬೆರಳಿಟ್ಟಳು.

“ಏನಾಯ್ತು? ನಾನೇನಾದ್ರೂ ಕೆಡಿಸಿದ್ನಾ?” ಟೀಚರು ಕೇಳಿದರು.

“ಇಲ್ಲ ಟೀಚರೇ. ಕೆಡಿಸಿದೋಳು ನಾನು. ಆರು ವರ್ಷದ ಹಿಂದೆ.”

ಆಗಿದ್ದು ಇಷ್ಟು. ಲಾಗಿನ್ ಆದ ಪ್ರತಿಯೊಬ್ಬರಿಗೂ ಸರ್ವರಿನಲ್ಲಿ ನೆನಪಿನ ಒಂದು ಪುಟ್ಟ ಜಾಗವಿರುತ್ತದೆ, ಅದಕ್ಕೆ ಸೆಷನ್ ಎನ್ನುತ್ತಾರೆ. ಈಗ ಯಾವ ಫೈಲು ತೆರೆದಿದೆ ಎನ್ನುವುದನ್ನೂ ಸಾಣೆಯಕ್ಕ ಆ ಜಾಗದಲ್ಲೇ ಬರೆದಿಡುವಂತೆ ಮಾಡಿದ್ದಳು. ಬರೆಯಲು ಇದ್ದದ್ದು ಒಂದೇ ಜಾಗ. ಎರಡನೆಯ ಫೈಲು ತೆರೆದ ಕೂಡಲೇ ಮೊದಲಿನ ನಂಬರು ಅಳಿಸಿ ಎರಡನೆಯದು ಬಂದು ಕೂರುತ್ತಿತ್ತು. ಟ್ಯಾಬು ಎಷ್ಟೇ ಇರಲಿ, ಲಾಗಿನ್ ಒಂದೇ, ಸೆಷನ್ನೂ ಒಂದೇ. ಕಣ್ಣಿಗೆ ಕಾಣುವುದು ಅಣ್ಣನ ಪುಟ, ಸರ್ವರು ಬರೆದುಕೊಳ್ಳುವುದು ತಂಗಿಯ ಲೆಕ್ಕಕ್ಕೆ. ಅಣ್ಣನಿಗೆ ಆ ಸಲ ಹೊಸ ಕನ್ನಡಕ ಬೇಕಿರಲಿಲ್ಲ, ಹಾಗಾಗಿ ಅವನ ಫೈಲಿನಲ್ಲಿ ಹಳೆಯ ಪವರೇ ಉಳಿದದ್ದು ಯಾರ ಗಮನಕ್ಕೂ ಬರಲಿಲ್ಲ. ಸಾಣೆಯಕ್ಕನಿಗೆ ಇದು ಎಂದೂ ಸಿಕ್ಕಿಬೀಳದಿರಲು ಕಾರಣವೂ ಇತ್ತು. ಒಂದು ಜೊತೆ ಗಾಜು ಮುಗಿಯದೆ ಇನ್ನೊಂದು ಜೊತೆಯನ್ನು ಮೇಜಿಗೆ ತರಬಾರದೆಂದು ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿ ಕಲಿಸಿದ್ದ. ಅವಳು ಫೈಲನ್ನೂ ಹಾಗೇ ಒಂದು ಮುಚ್ಚಿ ಇನ್ನೊಂದು ತೆರೆಯುತ್ತಿದ್ದಳು. ಲೋಕವೆಲ್ಲ ಹಾಗೇ ಮಾಡುತ್ತದೆಂದುಕೊಂಡಿದ್ದಳು.

ಸರಿಪಡಿಸಲು ಒಂದು ಸಂಜೆ ಸಾಕಾಯಿತು. ಪ್ರತಿ ಪುಟವೂ ತನ್ನ ರೋಗಿಯ ನಂಬರನ್ನು ತಾನೇ ಹೊತ್ತೊಯ್ಯುವಂತೆ ಮಾಡಿದಳು. ಲಾಗಿನ್ ಆದವರು ಯಾರೆಂಬುದಷ್ಟನ್ನೇ ಸೆಷನ್ನಿನಲ್ಲಿ ಬಿಟ್ಟಳು. ಬರೀ ‘ಉಳಿಸಲಾಗಿದೆ’ ಎನ್ನುವ ಬದಲು ಯಾರ ಹೆಸರಿಗೆ ಉಳಿಯಿತೆಂದು ದೊಡ್ಡಕ್ಷರದಲ್ಲಿ ಬರುವಂತೆ ಮಾಡಿದಳು. ಕಷ್ಟವಾದದ್ದು ಹಿಂದಿನದನ್ನು ಕೆದಕುವುದು. ಯಾವ ಪುಟ ಯಾವಾಗ ತೆರೆಯಿತೆಂದು ಸರ್ವರು ದಾಖಲೆ ಇಟ್ಟಿರುತ್ತದೆ. ಎರಡು ಫೈಲು ಬೆನ್ನಿಗೆ ಬೆನ್ನು ತೆರೆದ ಜಾಗಗಳನ್ನೆಲ್ಲ ಅದರಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಕಣ್ಣಿನ ಕ್ಲಿನಿಕ್ಕಿನಲ್ಲಿ ಆಡಬಾರದ ಮಾತು, ಆದರೂ ಅವಳು ಹುಡುಕಿದ್ದು ಹಾಗೆಯೇ. ಅನುಮಾನದ ಹದಿನೇಳು ಮನೆಗಳು ಸಿಕ್ಕವು. ಟೀಚರ ನೋಟ್‌ಬುಕ್ಕಿನೊಡನೆ ತಾಳೆ ನೋಡಿದಾಗ, ಗೊತ್ತಿದ್ದ ಮೂರಲ್ಲದೆ ಇನ್ನೂ ಐದು ಉಳಿದವು.

ಆಮೇಲೆ ಡಾಕ್ಟರಮ್ಮನ ಕೋಣೆಗೆ ಹೋದಳು.

“ಮೇಡಂ, ಆ ಕನ್ನಡಕಗಳ ತಪ್ಪು ಟೀಚರದ್ದಲ್ಲ. ಪ್ರೋಗ್ರಾಮಿಂದು. ಅಂದ್ರೆ ನಂದು.”

ಡಾಕ್ಟರಮ್ಮ ಪೂರ್ತಿ ಕೇಳಿದರು. “ಈಗ ಸರಿಹೋಗಿದೆಯಲ್ಲ?”

“ಹೋಗಿದೆ. ಇನ್ನೂ ಐದು ಮನೆಯವರಿಗೆ ಫೋನ್ ಮಾಡಿ ಕರೆಸಬೇಕು.”

“ಮಾಡು. ಮೇಸ್ತ್ರಿಗೆ ಹೇಳಿ ಗಾಜು ಬದಲಾಯಿಸೋಣ. ಸರಿ, ಹೋಗು.”

ಸಾಣೆಯಕ್ಕ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಅವತ್ತು ನೀವು ಟೀಚರನ್ನ ಎಲ್ಲರ ಮುಂದೆ ಕೇಳಿದ್ರಿ. ನಾನೂ ಎಲ್ಲರ ಮುಂದೇನೇ ಪ್ರೋಗ್ರಾಮ್ ಸರಿಯಾಗಿದೆ ಅಂದೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನಡಿ” ಎಂದು ಎದ್ದರು.

ಹೊರಗೆ ಕಾಯುತ್ತಿದ್ದವರ ನಡುವೆಯೇ ನಿಂತು, ತಪ್ಪು ಯಾರದೆಂದು ಸಾಣೆಯಕ್ಕ ತನ್ನ ಬಾಯಿಂದಲೇ ಹೇಳಿದಳು. ಕಿವಿ ಕೆಂಪಾಯಿತು, ಆದರೆ ಮಾತು ತಡವರಿಸಲಿಲ್ಲ. ಡಾಕ್ಟರಮ್ಮ, “ನಾನು ದುಡುಕಿದೆ ಟೀಚರೇ, ಬೇಜಾರು ಮಾಡ್ಕೋಬೇಡಿ” ಎಂದರು.

ಟೀಚರು ಹರಿದ ಟೋಕನನ್ನು ಎದುರಿಗಿದ್ದವರಿಗೆ ಕೊಟ್ಟು ಆಮೇಲೆ ಉತ್ತರಿಸಿದರು. “ಬೇಜಾರಾಗಿತ್ತು ಮೇಡಂ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಮಕ್ಕಳಿಗೆ ತಪ್ಪು ಗೆರೆ ಹಾಕೋ ಮುಂಚೆ ನಾನು ಎರಡು ಸಲ ಓದ್ತಿದ್ದೆ.” ಸಾಣೆಯಕ್ಕನ ಕಡೆ ತಿರುಗಿ, “ನೀನು ಓದಿದೆಯಲ್ಲ, ತಡವಾದ್ರೂ. ಸರಿ ಬಿಡು” ಎಂದರು.

ಐದು ಮನೆಯವರೂ ಬಂದರು. ಒಬ್ಬರು ಕೂಗಾಡಿದರು, ಉಳಿದವರು ಸುಮ್ಮನೆ ಹೊಸ ಗಾಜು ಹಾಕಿಸಿಕೊಂಡರು. ಆಗಲೇ ಗಾಜು ಬದಲಾಯಿಸಿಕೊಂಡಿದ್ದ ಆ ಎಂಟು ವರ್ಷದ ಹುಡುಗಿಯೂ ಮತ್ತೊಮ್ಮೆ ತೋರಿಸಲು ಬಂದಳು; ಸರಿಯಾದ ಕನ್ನಡಕ ಹಾಕಿಕೊಂಡು ಗೋಡೆಯ ಪಟದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, “ಅಮ್ಮ, ನಾನು ಹೇಳಿದ್ದೆ ತಾನೇ, ಅದು ನನ್ನದಲ್ಲ ಅಂತ” ಎಂದು ತಾಯಿಯನ್ನು ದಬಾಯಿಸಿದಳು. ತಾಯಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆ ದಿನ ಸಾಣೆಯಕ್ಕ ಮನೆಯಲ್ಲಿ ನಡೆದದ್ದೆಲ್ಲ ಹೇಳಿದಾಗ ಗಂಡ ಕೈಯ ಬಣ್ಣ ಉಜ್ಜಿಕೊಳ್ಳುತ್ತಾ ಕೇಳಿಸಿಕೊಂಡ. “ಹಾಗಾದ್ರೆ ನಿಂದೂ ಕಿತ್ತು ಬಂತು ಅನ್ನು” ಎಂದ. “ಬಂತು ರೀ” ಎಂದಳು. ಇಬ್ಬರೂ ನಕ್ಕರು. ಅವಳಿಗೆ ಹಸಿವಾಗಿತ್ತು, ಹೊಟ್ಟೆತುಂಬ ಉಂಡಳು.

ಟೀಚರು ಮುಂದಿನ ವಾರ ಕೌಂಟರಿಗೆ ಮರಳಿದರು, ಐದು ಟ್ಯಾಬು ತೆರೆದೇ ಕೂತರು. ಈಗ ಸಾಣೆಯಕ್ಕ ಏನೇ ಹೊಸ ಪುಟ ಬರೆದರೂ ಮೊದಲು ಅವರ ಮುಂದಿಡುತ್ತಾಳೆ. “ನಿಮಗೆ ಹೇಗೆ ಬೇಕೋ ಹಾಗೆ ಹೊಡೀರಿ ಟೀಚರೇ, ನಾನು ಬಾಯಿ ಬಿಡಲ್ಲ” ಎಂದು ಪಕ್ಕದ ಸ್ಟೂಲಿನಲ್ಲಿ ಕೂರುತ್ತಾಳೆ. ಟೀಚರು ಹಿಂದಿನ ಪುಟಕ್ಕೆ ಹೋಗುತ್ತಾರೆ, ಗುಂಡಿಯನ್ನು ಎರಡು ಸಲ ಒತ್ತುತ್ತಾರೆ, ಅರ್ಧಕ್ಕೆ ಬಿಟ್ಟು ಕಾಫಿ ಕುಡಿದು ಬರುತ್ತಾರೆ. ಹೋದ ತಿಂಗಳು ಟೋಕನ್ನಿನ ಹೊಸ ಪುಟದಲ್ಲಿ ಮೂರು ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದರು. ಎರಡು ಸರಿಯಾಗಿವೆ. ಮೂರನೆಯದು ಇನ್ನೂ ಸಾಣೆಯಕ್ಕನನ್ನು ಸತಾಯಿಸುತ್ತಿದೆ.