ಹಾರದ ವಿಮಾನಕ್ಕೆ ಬೇಸಿಗೆಯ ಬಣ್ಣ

ಶ್ರೀರಂಗಪಟ್ಟಣದಲ್ಲಿ ಲಾರಿಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಅಲ್ಲಿ ಮಾಲೀಕರು ಹೇಳಿದ್ದೇ ಬಣ್ಣ. ಭಾನುವಾರಗಳಲ್ಲಿ ಮನೆಯಲ್ಲಿ ಕೂತು ಪುಟ್ಟ ಯುದ್ಧವಿಮಾನಗಳನ್ನು ಮಾಡುತ್ತೇನೆ. ನಕ್ಷೆಯಲ್ಲೇ ಉಳಿದು, ಯಾವ ಕಾರ್ಖಾನೆಯಿಂದಲೂ ಹೊರಬರದೇ ಹೋದ ವಿಮಾನಗಳವು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಉಜ್ಜಿ ಆಕಾರಕ್ಕೆ ತರಬಹುದು. ಬಣ್ಣವೇ ಕಷ್ಟ. ಹಾರಿದ ವಿಮಾನಕ್ಕಾದರೆ ಫೋಟೊ ಇರುತ್ತದೆ. ಇವಕ್ಕೆ ಅದೂ ಇಲ್ಲ.

ಈ ವರ್ಷ ಮೈಸೂರಿನ ಒಂದು ಪ್ರದರ್ಶನಕ್ಕೆ ಮೊದಲ ಬಾರಿ ಹೆಸರು ಕೊಟ್ಟೆ. ಅದನ್ನು ನಡೆಸುವ ಹಿರಿಯರು ಫೋನಿನಲ್ಲಿ ಹೇಳಿದರು: "ಇಲ್ಲದ ವಿಮಾನಕ್ಕೆ ಬೂದು ಬಣ್ಣ ಹಚ್ಚಿಬಿಡಿ. ಯಾರಿಗೂ ತಪ್ಪು ಹುಡುಕೋಕಾಗಲ್ಲ."

ಅವರು ಒರಟಾಗಿ ಮಾತಾಡಿರಲಿಲ್ಲ. ಆದರೂ ನನ್ನದೆಂದು ಇದ್ದ ಒಂದೇ ಆಯ್ಕೆಯನ್ನು ಮೆತ್ತಗೆ ಕಿತ್ತುಕೊಂಡಂತಾಗಿತ್ತು. ಬೂದು ಹಚ್ಚಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಯುದ್ಧವಿಮಾನದ ಬೆನ್ನಿನ ಬಣ್ಣ ಇರುವುದು ಮೇಲಿನಿಂದ ನೋಡುವವನ ಕಣ್ಣು ತಪ್ಪಿಸಲಿಕ್ಕೆ. ಹಾಗಾದರೆ ಮೇಲಿನಿಂದಲೇ ನೋಡಬೇಕು. ಲಾರಿ ಓಡಿಸುವ ಗೆಳೆಯನೊಬ್ಬನನ್ನು ಕರೆದುಕೊಂಡು, ಬಣ್ಣದ ಡಬ್ಬಿಗಳನ್ನು ಹಿಡಿದು, ಊರಾಚೆಯ ಕರಿಘಟ್ಟ ಬೆಟ್ಟ ಹತ್ತಿದೆ. ಬೇಸಿಗೆ, ನಾಲೆಗೆ ನೀರು ನಿಲ್ಲಿಸಿದ್ದರು. ಕೆಳಗೆ ಒಣಗಿದ ಗದ್ದೆ, ಅಲ್ಲಲ್ಲಿ ಕಬ್ಬಿನ ಪಟ್ಟಿ. ಲಾರಿಯ ಹಳೆ ಬಣ್ಣಕ್ಕೆ ಹೊಸದನ್ನು ಹೊಂದಿಸುವಾಗ ಮಾಡುವಂತೆ, ಬೆರೆಸಿದ ಬಣ್ಣವನ್ನು ಹೆಬ್ಬೆರಳಿನ ಉಗುರಿಗೆ ಸವರಿ, ಒಂದು ಕಣ್ಣು ಮುಚ್ಚಿ, ಗದ್ದೆಗಳ ಎದುರು ಹಿಡಿದೆ. ಉಗುರು ಮಣ್ಣಿನಲ್ಲಿ ಕರಗಿ ಕಾಣದಾಗುವವರೆಗೆ ಒರೆಸಿ ಒರೆಸಿ ಮತ್ತೆ ಬೆರೆಸಿದೆ.

"ಅಲ್ಲ ಕಣ್ಲಾ, ಆರ್ದೇ ಇರೋ ಇಮಾನಾನ ಯಾವನ್ಲಾ ವಡೀತಾನೆ?" ಎಂದ ಗೆಳೆಯ.

"ಬಣ್ಣ ನೋಡ್ಲಾ, ಸರಿ ಐತಾ?"

"ಐತೆ. ನಿನ್ ಉಗುರೇ ಕಾಣ್ತಿಲ್ಲ. ಊಟಕ್ಕೆ ನಡಿಯಪ್ಪಾ ಇನ್ನ."

ವಿಮಾನಕ್ಕೆ ಬಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ನಾಲೆಗೆ ನೀರು ಬಿಟ್ಟರು. ಪ್ರದರ್ಶನದ ಹಿಂದಿನ ವಾರ ಅದನ್ನು ಹಿಡಿದು ಮತ್ತೆ ಬೆಟ್ಟ ಹತ್ತಿದೆವು. ನಾಟಿ ಹಸಿರೇರಿತ್ತು. ಅದರ ಎದುರು ಹಿಡಿದ ನನ್ನ ಕಂದು ವಿಮಾನ, ಸೀರೆಯ ಮೇಲೆ ಚೆಲ್ಲಿದ ಕಾಫಿ ಕಲೆಯಂತೆ ಎದ್ದು ಕಂಡಿತು.

"ಸಿಗಾಕ್ಕೊಂಡ್ಬುಟ್ಟೆ! ಈಗ ಕುರುಡನೂ ವಡೀತಾನೆ," ಎಂದು ಗೆಳೆಯ ಬಿದ್ದು ಬಿದ್ದು ನಕ್ಕ. "ಅಸಿರು ಬಳುದ್ಬುಡ್ಲಾ, ಇನ್ನೂ ಟೈಮೈತೆ."

ಹಸಿರು ಬಳಿದರೆ ಸುಗ್ಗಿಯ ಹೊತ್ತಿಗೆ ಅದೂ ತಪ್ಪಾಗುತ್ತದೆ. ಬೂದು ಎಂದೂ ತಪ್ಪಾಗದು, ಏಕೆಂದರೆ ಅದು ಯಾವ ಊರಿನ ಮೇಲೂ ಹಾರುವುದಿಲ್ಲ. ನನ್ನದು ಬೇಸಿಗೆಯಲ್ಲಿ, ಇಲ್ಲಿ, ಈ ಗದ್ದೆಗಳ ಮೇಲೆ ಹಾರುವ ವಿಮಾನ.

"ಬಳಿಯಲ್ಲ," ಎಂದೆ.

ಪ್ರದರ್ಶನದಲ್ಲಿ ಬೂದು ವಿಮಾನಗಳ ಉದ್ದ ಸಾಲಿತ್ತು. ಹಿರಿಯರು ಆ ಸಾಲಿನಿಂದ ನನ್ನದನ್ನು ಎತ್ತಿ ತಿರುಗಿಸಿ ನೋಡಿದರು.

"ಈ ಬಣ್ಣಕ್ಕೆ ಆಧಾರ ಏನ್ರೀ?"

"ಕರಿಘಟ್ಟ ಸಾರ್. ನಾಲೆ ನಿಂತಾಗ ಬನ್ನಿ, ತೋರಿಸ್ತೀನಿ."

ಅವರು ನಗಲಿಲ್ಲ. ಅದನ್ನು ಬಾಗಿಲ ಬಳಿಯ ಖಾಲಿ ಮೇಜಿನ ಮೇಲಿಟ್ಟು ಮುಂದೆ ಹೋದರು. ನಾನು ಅದನ್ನು ರೆಕ್ಕೆಗೆ ಏನೂ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಸಾಲಿನ ಬಳಿಗೆ ಹಿಂದಕ್ಕೆ ತಂದೆ. ಎರಡು ಬೂದು ವಿಮಾನಗಳನ್ನು ಅತ್ತಿತ್ತ ಸರಿಸಿ ಅವುಗಳ ನಡುವೆ ಇಟ್ಟೆ.

ಅವರು ತಿರುಗಿ ನೋಡಿದರು. ನಾನು ಮೇಜಿನ ಮುಂದಿನಿಂದ ಕದಲಲಿಲ್ಲ.