ಬಾಣಂತಿಗೆ ನೀರು ಕೊಟ್ಟ ಮಂಗಮ್ಮ

ಕಳವಾರದ ಹೊಲಗೇರಿಯ ಮಂಗಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಗಾಜಿನ ಜಾಡಿಯ ಮೇಲಿನ ಗೀಟುಗಳು ಬರುತ್ತಿದ್ದವು. ಪೇಟೆಯ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ರೋಗಿಗಳ ಉಚ್ಚೆ ಅಳೆದು, ನರ್ಸಮ್ಮನಿಗೆ ಹೇಳಿ, ಚೆಲ್ಲಿ ಬಂದವಳು. ಅವಳನ್ನು ಕಂಡು ಮೂಗು ಮುಚ್ಚುವವರೆಲ್ಲ ತಮ್ಮ ಹೊಟ್ಟೆಯಲ್ಲಿ ಗಂಧ ಹೊತ್ತವರಂತೆ ಆಡುತ್ತಿದ್ದರು.

ಅರವತ್ತೆರಡನೆಯ ಇಸವಿಯಲ್ಲಿ ಕೈವಾರದ ಕಡೆಯಿಂದ ವರಲಕ್ಷ್ಮಮ್ಮನನ್ನು ಗಾಡಿಯಲ್ಲಿ ತಂದರು. ಮಗು ಅಡ್ಡ ನಿಂತಿತ್ತು. ಕಣ್ಣರೆಪ್ಪೆ ಬಿಡಿಸಿದರೆ ಒಳಗೆ ಸುಣ್ಣದ ಬಿಳುಪು. ಕಣಜದ ತುಂಬ ರಾಗಿಯಿದ್ದ ಮನೆ. ಗಂಡಸರು ಉಂಡು ಉಳಿದದ್ದು ಸೊಸೆಗೆ. ಡಾಕ್ಟರು ಹೊಟ್ಟೆ ಕೊಯ್ದು ಮಗುವನ್ನು ಜೀವಂತ ತೆಗೆದರು.

"ಮೊದಲೇ ರಕ್ತ ಇರ್ಲಿಲ್ಲ, ಇದ್ದದ್ದೂ ಹೋಯ್ತು. ಇಂಥವರಿಗೆ ಮೂತ್ರಪಿಂಡ ಬೇಗ ಕೆಡುತ್ತೆ. ನಾಳೆಯಿಂದ ನೀರು ಕುಡಿಸ್ತಾ ಇರಿ," ಎಂದು ಅತ್ತೆ ಅಮ್ಮಾಜಮ್ಮನಿಗೆ ಹೇಳಿದರು. ಆಕೆ ತಲೆಯಾಡಿಸಿದಳು.

ಎರಡನೆಯ ದಿನ ಜಾಡಿಯ ತಳದಲ್ಲಿ ಡಿಕಾಕ್ಷನ್ ಬಣ್ಣದ ನಾಲ್ಕು ಚಮಚ ಉಚ್ಚೆ. ಮೂರನೆಯ ದಿನ ಅದೂ ಇಲ್ಲ. ನರ್ಸಮ್ಮ ಕೇಳಿದರೆ, "ಚೊಂಬುಗಟ್ಟಲೆ ಕುಡೀತಾಳೆ," ಎಂದಳು ಅಮ್ಮಾಜಮ್ಮ. ಬಾಣಂತಿಯ ತುಟಿ ಬಿರಿದಿತ್ತು. ಕಿಟಕಿಯಾಚೆ ಕನಕಾಂಬರದ ಬುಡ ಮಾತ್ರ ಒದ್ದೆ.

ಮಂಗಮ್ಮನಿಗೆ ಮೈ ಉರಿಯಿತು.

"ನೀರು ಗಿಡಕ್ಕೆ ಹುಯ್ದು ಡಾಕ್ಟರಿಗೆ ಸುಳ್ಳು ಹೇಳ್ತೀರೇನಮ್ಮಾ?"

"ಹಸಿ ಬಾಣಂತಿ ಕಣೇ! ನೀರು ಕೊಟ್ರೆ ಹೊಟ್ಟೆ ಡೊಳ್ಳಾಗುತ್ತೆ, ಗಾಯ ಕೀವಾಗುತ್ತೆ. ನಾನು ಏಳು ಹೆತ್ತೋಳು."

"ಉಳಿದಿದ್ದೆಷ್ಟು?"

ಮಂಗಮ್ಮ ತಂಬಿಗೆಗೆ ಕೈಹಾಕಿದಾಗ ಅಮ್ಮಾಜಮ್ಮ ಕಿರುಚಿದಳು: "ಅವತಲಿಕಿ ಪೋ! ಆಚೆ ಹೋಗು! ಮೈಲಿಗೆ!"

"ಇವಳ ಉಚ್ಚೆ ಹೊತ್ತಾಗ ಇಲ್ಲದ ಮೈಲಿಗೆ ನೀರು ಹೊತ್ರೆ ಬಂತಾ?"

ವರಲಕ್ಷ್ಮಮ್ಮ ಎರಡೂ ಕೈ ಚಾಚಿ ತಂಬಿಗೆ ಕಿತ್ತುಕೊಂಡಳು. "ನಿಧಾನ ಕಣವ್ವ, ಗುಟುಕು ಗುಟುಕು," ಎಂದು ಗದರಿಸುತ್ತ ಕುಡಿಸಿ, ಮಂಗಮ್ಮ ನೇರ ಡಾಕ್ಟರ ಕೋಣೆಗೆ ನುಗ್ಗಿ ನಡೆದದ್ದನ್ನೆಲ್ಲ ಹೇಳಿದಳು.

ಡಾಕ್ಟರು ಸಲೈನ್ ಬಾಟಲಿ ಕಟ್ಟಿಸಿದರು. "ಮೂತ್ರಪಿಂಡಕ್ಕೆ ಏಟು ಬಿದ್ದಾಗಿದೆ. ಮೂತ್ರ ಬಂದ್ರೆ ಬಂತು," ಎಂದರು. ಎರಡು ದಿನ ಬರಲಿಲ್ಲ. ಗಂಡ ಆವಲಪ್ಪ ಹೆಂಡತಿಯ ಹತ್ತಿರ ನಿಲ್ಲುವುದು ಬಿಟ್ಟು, ಹೊಲಗೇರಿಯವಳನ್ನು ಕೆಲಸದಿಂದ ತೆಗೆಯಿರೆಂದು ವರಾಂಡದಲ್ಲಿ ಕೂಗಾಡಿದ. ಮೂರನೆಯ ದಿನ ಜಾಡಿಗೆ ಒಂದು ಗೀಟಿನಷ್ಟು ಇಳಿಯಿತು. ಆಮೇಲೆ ಎರಡು, ಐದು.

ಮನೆಗೆ ಹೊರಟಾಗ ಅಮ್ಮಾಜಮ್ಮ ಸೊಸೆಯ ತಲೆಗೆ ಗಂಜಲ ಚಿಮುಕಿಸಿ ಗಾಡಿ ಹತ್ತಿಸಿದಳು. ಮಂಗಮ್ಮ ಗಾಡಿಯ ಹಿಂದೆಯೇ ಹೋಗಿ ಆವಲಪ್ಪನಿಗೆ ಕೇಳುವಂತೆ ಕೂಗಿದಳು:

"ಹೊಟ್ಟೆತುಂಬ ನೀರು ಕೊಡ್ರಿ, ಸೊಪ್ಪು ತಿನ್ಸ್ರಿ! ಅದೂ ಆಗದಿದ್ರೆ ಇನ್ನೊಂದ್ಸಲ ಬಸುರು ಮಾಡಿ ಇಲ್ಲಿಗೆ ತರಬೇಡ್ರಿ. ನಿಮ್ಮ ತೋಟದಲ್ಲೇ ಗುಂಡಿ ತೋಡ್ಕೊಳ್ರಿ!"