ಸರೋಜಕ್ಕ ಬದಲಿಸದ ವೇಳೆ

ಎಂಟರ್ ಒತ್ತುವ ಮೊದಲು ಸರೋಜಕ್ಕ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಪರದೆಯ ಮೇಲೆ ತಾವೇ ಬರೆದ ಸಾಲನ್ನು ಬೇರೆ ಯಾರೋ ಬರೆದದ್ದೆಂಬಂತೆ ಅನುಮಾನದಿಂದ, ಗಟ್ಟಿಯಾಗಿ ಓದುವರು. ಆಮೇಲಷ್ಟೇ ಬೆರಳು ಮುಂದೆ ಹೋಗುತ್ತಿತ್ತು. ಮೈಸೂರಿನಿಂದ ಹೋಗಿ ಹೈದರಾಬಾದಿನ ಆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಇದನ್ನು ನೋಡಿ ನಗು ಬರುತ್ತಿತ್ತು.

"ನಗಬ್ಯಾಡ ತಂಗಿ," ಎಂದಿದ್ದರು ಒಮ್ಮೆ. "ಅಲ್ಲಿ ಯಾರದೋ ರಕ್ತದ ಗುಂಪು ಐತಿ. ತಪ್ಪಿ ಅಳಿಸಿದ್ರ ಆ ಮನುಷ್ಯಾ ಯಾರನ್ನ ಕೇಳಬೇಕು?"

ಅವರು ಹುಮನಾಬಾದ್ ಕಡೆಯವರು. ಗಂಡ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಮನೆ ಮೆಹದಿಪಟ್ಟಣಂನಲ್ಲಿ. ಆಸ್ಪತ್ರೆಯ ಡೇಟಾಬೇಸನ್ನು, ಎಂದರೆ ಅಲ್ಲಿಗೆ ಬಂದುಹೋದ ಪ್ರತಿಯೊಬ್ಬ ರೋಗಿಯ ದಾಖಲೆಯನ್ನು, ಕಾಯುವ ಕೆಲಸ ಅವರದು. ನಾನು ಅವರ ಕೈಕೆಳಗೆ. ನರ್ಸುಗಳ ಜೊತೆ ಅವರದು ತೆಲುಗು, ಮೇಲಿನವರ ಜೊತೆ ಹಿಂದಿ. ಬಯ್ಯಲು ಮಾತ್ರ ಕನ್ನಡ. ಆ ಭಾಗ್ಯ ನನ್ನೊಬ್ಬಳದೇ.

ಬ್ಯಾಕಪ್ ಸರಿಯಾಗಿ ಆಗಿದೆ ಎಂದು ಯಂತ್ರ ಹೇಳಿದರೆ ಅವರು ನಂಬುತ್ತಿರಲಿಲ್ಲ. ಆಗಾಗ ಅದನ್ನು ಬೇರೊಂದು ಯಂತ್ರಕ್ಕೆ ಇಳಿಸಿ, ವಾರ್ಡಿನಿಂದ ಒಬ್ಬ ನರ್ಸನ್ನು ಕರೆಸಿ, ನಿಮ್ಮ ಪೇಷಂಟು ಇದರಲ್ಲಿ ಇದ್ದಾರೆಯೇ ನೋಡಿ ಎಂದು ತೆಲುಗಿನಲ್ಲಿ ಕೇಳುವರು. ಇದೆಲ್ಲ ಕಾಲಹರಣ ಎಂದು ಆಡಳಿತದವರು ಗೊಣಗುತ್ತಿದ್ದರು. ಒಂದು ಸಲ ಹಾಗೆ ಇಳಿಸಿ ನೋಡಿದಾಗ ಮಕ್ಕಳ ವಾರ್ಡಿನ ದಾಖಲೆಗಳು ಬ್ಯಾಕಪ್ಪಿನಲ್ಲಿ ಇರಲೇ ಇಲ್ಲ. ಯಾವತ್ತೋ ಮಾಡಿದ್ದ ಬದಲಾವಣೆಯಲ್ಲಿ ಆ ಭಾಗ ಬಿಟ್ಟುಹೋಗಿತ್ತು. ಯಂತ್ರ ಮಾತ್ರ ದಿನವೂ ಎಲ್ಲ ಸರಿ ಎನ್ನುತ್ತಲೇ ಇತ್ತು. ಅಕ್ಕ ಊಟ ಬಿಟ್ಟು ಕೂತು ಸರಿಪಡಿಸಿದರು. ಅನಾಹುತ ಏನೂ ಆಗಿರಲಿಲ್ಲವಾದ್ದರಿಂದ ಯಾರೂ ಅವರನ್ನು ಹೊಗಳಲೂ ಇಲ್ಲ.

ಇನ್ನೊಂದು ಹಟ ಅವರಿಗಿತ್ತು. ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಹಂಚಿಕೊಳ್ಳುವುದನ್ನು ಅವರು ನಿಲ್ಲಿಸಿಬಿಟ್ಟಿದ್ದರು. "ನಿನ್ನ ಹೆಸರಿನಾಗ ನೀ ಕೆಲಸ ಮಾಡು. ಮಂದಿ ಹೆಸರಿನಾಗ ಮಾಡಿದ ಕೆಲಸಕ್ಕ ಮಾರಿ ಇರಂಗಿಲ್ಲ." ಮಾರಿ ಎಂದರೆ ಅವರ ಕಡೆ ಮುಖ.

ಒಂದು ಮಧ್ಯಾಹ್ನ ಆಡಳಿತಾಧಿಕಾರಿ ತಾವೇ ನಮ್ಮ ಕೋಣೆಗೆ ಬಂದರು. ಹಿಂದಿನ ವಾರ ಒಬ್ಬ ರೋಗಿ ತೀರಿಕೊಂಡಿದ್ದ. ಅವನ ರಕ್ತಪರೀಕ್ಷೆಯ ವರದಿ ಬೆಳಿಗ್ಗೆಯೇ ಹಿರಿಯ ವೈದ್ಯರ ಪರದೆಗೆ ಹೋಗಿತ್ತು. ಅವರು ತೆರೆದು ನೋಡಿದ್ದು ಸಂಜೆ. ಮನೆಯವರು ದೂರು ಕೊಟ್ಟಿದ್ದರು. ದಾಖಲೆಯಲ್ಲಿ ವರದಿ ಹೊರಟ ವೇಳೆಯನ್ನು ಸಂಜೆಗೆ ತಳ್ಳಿದರೆ ವಿಳಂಬವೆಲ್ಲ ಲ್ಯಾಬಿನದಾಗುತ್ತಿತ್ತು, ಅಂದರೆ ಅದನ್ನು ಕಳಿಸಿದ ಸುನೀತಾ ಎಂಬ ಹುಡುಗಿಯದು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದವಳು.

"ಏಕ್ ಲೈನ್ ಕಾ ಕಾಮ್ ಹೈ, ಮೇಡಂ," ಎಂದರು ಅಧಿಕಾರಿ, ನಗುತ್ತಲೇ.

ಒಂದೇ ಸಾಲಿನ ಕೆಲಸ ಎಂಬುದು ನಿಜವೇ. ಸರೋಜಕ್ಕ ಕುರ್ಚಿಯಿಂದ ಎದ್ದು ನಿಂತರು. ನಾನು ಅದನ್ನು ಮಾಡುವುದಿಲ್ಲ, ಬೇಕಾದರೆ ಹೀಗೆ ಮಾಡಿ ಎಂದು ಸಹಿ ಹಾಕಿ ಬರೆದುಕೊಡಿ, ಅದನ್ನು ದೂರು ವಿಚಾರಿಸುವವರಿಗೆ ತೋರಿಸುತ್ತೇನೆ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಅಧಿಕಾರಿಯ ನಗು ಹೋಯಿತು. ನನ್ನ ಕಡೆ ಒಮ್ಮೆ ನೋಡಿದರು. ಅಕ್ಕ ಅವರಿಗೂ ನನಗೂ ನಡುವೆ ಬಂದು ನಿಂತು, "ಈ ಹುಡುಗಿಗೆ ಆ ಅಧಿಕಾರ ನಾನು ಕೊಟ್ಟಿಲ್ಲ" ಎಂದರು. ಆ ಮಾತು ಸುಳ್ಳು. ಅವರು ಹೇಳಿದ್ದರಲ್ಲಿ ನಾನು ಕಂಡ ಸುಳ್ಳು ಅದೊಂದೇ.

ಅಧಿಕಾರಿ ಹೋದಮೇಲೆ ಅಕ್ಕ ಕುರ್ಚಿಯಲ್ಲಿ ಕೂತರು. ನೀರು ಕೊಟ್ಟೆ.

"ಅಂಜಿಕಿ ಆಗಾಕತ್ತೈತಿ," ಎಂದರು. "ಮಗಳ ಕಾಲೇಜ್ ಇನ್ನೂ ಮುಗಿದಿಲ್ಲ."

ಮರುದಿನ ಅವರ ಲಾಗಿನ್ ತೆರೆಯಲಿಲ್ಲ. ದಿನವೂ ಅದೇ ಹೊತ್ತಿಗೆ ಬರುತ್ತಿದ್ದರು, ಖಾಲಿ ಪರದೆಯ ಮುಂದೆ ಕೂತು ಹೋಗುತ್ತಿದ್ದರು. ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಬರುವವರು ಕಡಿಮೆಯಾದರು. ಅಷ್ಟರಲ್ಲಿ ಹೊರಗಿನಿಂದ ವಿಚಾರಣೆಯವರು ಬಂದು ದಾಖಲೆಗಳ ಪ್ರತಿ ತೆಗೆದುಕೊಂಡು ಹೋದರು. ವೇಳೆ ಇದ್ದ ಹಾಗೆಯೇ ಇತ್ತು. ಸುನೀತಾಳ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಆದರೆ ಅವಳು ಅದಕ್ಕೆ ಮೊದಲೇ ಹೆದರಿ ಕೆಲಸ ಬಿಟ್ಟು ಊರಿಗೆ ಹೋಗಿದ್ದಳು. ಹಿರಿಯ ವೈದ್ಯರು ಬೇರೆ ಶಾಖೆಗೆ ಹೋದರು. ಸ್ವಲ್ಪ ದಿನಕ್ಕೆ, ಡೇಟಾಬೇಸ್ ಕೆಲಸವನ್ನು ಹೊರಗಿನ ಕಂಪನಿಗೆ ವಹಿಸುತ್ತಿದ್ದೇವೆ, ಹಿರಿಯ ಹುದ್ದೆ ಇನ್ನು ಬೇಕಿಲ್ಲ ಎಂದು ಅಕ್ಕನಿಗೆ ಹೇಳಿ ಕಳಿಸಿಬಿಟ್ಟರು.

ಅವರನ್ನು ಕೊನೆಯ ಸಲ ಕಂಡದ್ದು ಅಮೀರ್‌ಪೇಟೆಯಲ್ಲಿ. ಕಂಪ್ಯೂಟರ್ ತರಬೇತಿಯ ಬೋರ್ಡುಗಳು ಒಂದರ ಮೇಲೊಂದು ನೇತಾಡುವ ಕಟ್ಟಡದ ಮೆಟ್ಟಿಲಲ್ಲಿ, ಮಗಳ ವಯಸ್ಸಿನವರ ಗುಂಪಿನ ನಡುವೆ ಚೀಲ ಹಿಡಿದು ನಿಂತಿದ್ದರು. ಇಲ್ಲಿ ಪಾಠ ಹೇಳುತ್ತೀರಾ ಎಂದು ಕೇಳಿದೆ.

"ಕಲಿಯಾಕ ಬಂದೀನಿ," ಎಂದರು. "ನನಗ ಗೊತ್ತಿದ್ದದ್ದು ಹಳೇದಾತು. ಈಗೆಲ್ಲಾ ಕ್ಲೌಡ್ ಕೇಳ್ತಾರ." ಇಂಟರ್‌ವ್ಯೂಗಳಲ್ಲಿ ಕೊನೆಯವರೆಗೂ ಹೋಗಿ, ಹಳೆಯ ಆಸ್ಪತ್ರೆಗೆ ಒಂದು ಫೋನ್ ಹೋದಮೇಲೆ ಮಾತು ನಿಂತುಹೋಗುತ್ತದಂತೆ. ಅದನ್ನು ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಸುನೀತಾಳಿಗೆ ಎರಡು ಮೂರು ಸಲ ಫೋನ್ ಮಾಡಿದ್ದರಂತೆ, ಅವಳು ಎತ್ತಲಿಲ್ಲವಂತೆ. "ಆ ಆಸ್ಪತ್ರೀ ನಂಬರ್ ಅಂತ ತಿಳಕೊಂಡಿರಬೇಕು, ಪಾಪ. ಭಾಳ ಅಂಜಿದ್ಲು."

ಹುಡುಗರು ನಮ್ಮನ್ನು ಸರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

"ಈಗ ಅಲ್ಲಿ ನನ್ನ ಕೆಲಸ ಯಾರು ಮಾಡ್ತಾರ?"

"ಹೊರಗಿನ ಕಂಪನಿಯವರು. ಆಸ್ಪತ್ರೆ ಕಡೆಯಿಂದ ಉಳಿದಿರೋದು ನಾನೊಬ್ಬಳೇ ಅಕ್ಕ."

"ನಿನ್ನನ್ನ ಏನರ ಕೇಳಿದ್ರೇನು?"

"ಇನ್ನೂ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಧೈರ್ಯ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ.

"ಕೇಳ್ತಾರ, ತಂಗಿ," ಎಂದರು. ಮೇಲಿನಿಂದ ಯಾರೋ ಕ್ಲಾಸ್ ಶುರುವಾಯಿತೆಂದು ಕೂಗಿದರು. ಅಕ್ಕ ಸೆರಗು ಸರಿಮಾಡಿಕೊಂಡು ಮೇಲೆ ಹೋದರು.